ಹನ್ನೊಂದನೇ ಗಾಡಿಯ ಮುಚ್ಚಳ

ಹನ್ನೊಂದನೇ ನಂಬರಿನ ಗಾಡಿ ಎರಡನೇ ಸಲ ದಾರಿಯಲ್ಲಿ ನಿಂತ ಮರುದಿನ ಮ್ಯಾನೇಜರ್ ನಮ್ಮಕ್ಕನನ್ನು ಆಫೀಸಿಗೆ ಕರೆಸಲಿಲ್ಲ. ತಾನೇ ಲಾರಿಗಳು ನಿಲ್ಲುವ ಯಾರ್ಡಿಗೆ ಇಳಿದು ಬಂದ. ಅದು ಒಳ್ಳೆಯ ಲಕ್ಷಣವಲ್ಲ. ಆಫೀಸಿನಲ್ಲಿ ಬೈದರೆ ಅದು ಇಬ್ಬರ ನಡುವೆಯೇ ಉಳಿಯುತ್ತದೆ. ಯಾರ್ಡಿನಲ್ಲಿ ಬೈಯುವುದು ಉಳಿದ ಡ್ರೈವರುಗಳೂ ಕೇಳಿಸಿಕೊಳ್ಳಲಿ ಎಂದೇ.

"ನೋಡಮ್ಮ," ಅಂದ, "ರಿಪೇರಿ ಮೇಸ್ತ್ರಿ ಗಾಡಿ ನೋಡಿದ್ದಾನೆ. ಗಾಡೀಲಿ ಏನೂ ಇಲ್ಲ. ಇನ್ನೊಂದು ಟ್ರಿಪ್ ಕೊಡ್ತೀನಿ. ಮತ್ತೆ ನಿಂತರೆ ನೀನು ಊರೊಳಗಿನ ಡೆಲಿವರಿಗೆ ವಾಪಸ್. ಲಾಂಗ್ ರೂಟು ಬೇರೆಯವರಿಗೆ."

"ಗಾಡೀಲಿ ಏನೂ ಇಲ್ಲದಿದ್ದರೆ ಗಾಡಿ ಯಾಕೆ ನಿಲ್ಲುತ್ತೆ ಸಾರ್?" ಅಕ್ಕ ಕೇಳಿದಳು.

"ನಾನೂ ಅದನ್ನೇ ಕೇಳ್ತಿರೋದು."

ಡ್ರೈವರುಗಳ ಸಾಲಿನಲ್ಲಿ ಯಾರೋ ಕೆಮ್ಮಿದರು. ಕೆಮ್ಮಿದ್ದು ಮೀಸೆ ಎಂದು ನೋಡದೆಯೇ ಹೇಳಬಲ್ಲೆ. ಅವನ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇರುವುದು. ಉಳಿದಂತೆ ಎಲ್ಲರಿಗೂ ಅವನು ಮೀಸೆ. ಅಕ್ಕ ಬರುವ ಮೊದಲು ಲಾಂಗ್ ರೂಟು ತನಗೇ ಸಿಗುತ್ತದೆಂದು ಅವನು ಹೊಸ ಫ್ಲಾಸ್ಕು ಕೂಡ ಕೊಂಡಿಟ್ಟುಕೊಂಡಿದ್ದ.

ಲಾಂಗ್ ರೂಟು ಎಂದರೆ ಬಂದರಿನ ಗೋದಾಮಿಗೆ ಟೈಲ್ಸ್ ಹೊತ್ತೊಯ್ಯುವುದು. ಆರು ಗಂಟೆಯ ದಾರಿ, ನಡುವೆ ಹದಿನಾಲ್ಕು ಕಿಲೋಮೀಟರಿನ ಒಂದು ಏರು. ಅಕ್ಕ ಆರು ವರ್ಷ ಊರೊಳಗೆ ಸಣ್ಣ ವ್ಯಾನು ಓಡಿಸಿ, ಬೀದಿ ಬೀದಿಯಲ್ಲಿ ಹಿಂದೆ ಮುಂದೆ ತಿರುಗಿಸಿ, ಎರಡು ಸಲ ಲೈಸೆನ್ಸ್ ಪರೀಕ್ಷೆ ಕೊಟ್ಟು ದೊಡ್ಡ ಗಾಡಿಗೆ ಹತ್ತಿದವಳು. ನಮ್ಮ ಯಾರ್ಡಿನಲ್ಲಿ ದೊಡ್ಡ ಗಾಡಿ ಓಡಿಸುವ ಹೆಂಗಸು ಅವಳೊಬ್ಬಳೇ. ಮೂರು ತಿಂಗಳು ನೋಡೋಣ, ಸರಿ ಕಂಡರೆ ಖಾಯಂ ಎಂದು ಮ್ಯಾನೇಜರ್ ಹೇಳಿದ್ದ. ಎರಡು ತಿಂಗಳು ಮುಗಿಯುವಷ್ಟರಲ್ಲಿ ಗಾಡಿ ಎರಡು ಸಲ ಏರಿನ ಬುಡದಲ್ಲಿ ನಿಂತಿತ್ತು. ಅದೇ ಗಾಡಿಯನ್ನು ಹಿಂದಿನ ಡ್ರೈವರ್ ಒಂಬತ್ತು ವರ್ಷ ಓಡಿಸಿ ನಿವೃತ್ತನಾಗಿದ್ದ. ಅವನ ಕೈಯಲ್ಲಿ ಅದು ಒಮ್ಮೆಯೂ ನಿಂತಿರಲಿಲ್ಲ. ಬರುವಾಗ ಖಾಲಿ ಗಾಡಿ ಅಕ್ಕನ ಕೈಯಲ್ಲೂ ನಿಲ್ಲುತ್ತಿರಲಿಲ್ಲ. ಇಷ್ಟು ಸಾಕಲ್ಲ. ಲೋಡಿರುವ ಗಾಡಿಯನ್ನು ಏರು ಹತ್ತಿಸಲು ಹೆದರಿ ಇವಳೇ ಬದಿಗೆ ಹಾಕುತ್ತಾಳೆ, ಆಮೇಲೆ ಗಾಡಿ ನಿಂತಿತು ಅನ್ನುತ್ತಾಳೆ ಎಂಬ ಮಾತು ಟೀ ಅಂಗಡಿವರೆಗೂ ಹೋಗಿತ್ತು.

ನಾನು ಅದೇ ಯಾರ್ಡಿನ ಸ್ಟೋರು ನೋಡಿಕೊಳ್ಳುತ್ತೇನೆ. ಫಿಲ್ಟರು, ಬೆಲ್ಟು, ಬಲ್ಬು, ವಾಷರು, ನಟ್ಟು. ಡ್ರೈವರುಗಳು ನನ್ನನ್ನು ಸ್ಟೋರಮ್ಮ ಅನ್ನುತ್ತಾರೆ. ನನ್ನ ವಯಸ್ಸು ಇಪ್ಪತ್ತಾರು, ಆದರೂ ಅಮ್ಮ. ಕೈಯಲ್ಲಿ ಸದಾ ವರ್ನಿಯರ್ ಇರುತ್ತದೆ. ಅಳೆಯದೆ ಯಾವ ಸಾಮಾನನ್ನೂ ತರಿಸುವವಳಲ್ಲ, ಅಳೆಯದೆ ಒಳಗೆ ಬಿಟ್ಟುಕೊಳ್ಳುವವಳೂ ಅಲ್ಲ. ನನಗಿಂತ ಮೊದಲಿದ್ದವನ ಕಾಲದಲ್ಲಿ ಸ್ಟೋರಿನ ಒಂದು ಮೂಲೆ ತುಂಬ ಯಾವ ಗಾಡಿಗೂ ಕೂರದ ಸಾಮಾನೇ ಇತ್ತು. ಈಗ ಆ ಮೂಲೆಯಲ್ಲಿ ನನ್ನ ಮೇಜಿದೆ.

ಡೀಸೆಲ್ ಟ್ಯಾಂಕಿನ ಮುಚ್ಚಳಗಳನ್ನು ಬದಲಾಯಿಸಿದ್ದೂ ನಾನೇ. ಅಕ್ಕ ಲಾಂಗ್ ರೂಟಿಗೆ ಬಂದ ವಾರವೇ ಅದು ನಡೆದದ್ದು. ಅದಕ್ಕೂ ಮೊದಲು ನಿಂತ ಗಾಡಿಗಳಿಂದ ಯಾರೋ ಪೈಪು ಇಳಿಬಿಟ್ಟು ಡೀಸೆಲ್ ಎಳೆಯುತ್ತಿದ್ದರು. ಮ್ಯಾನೇಜರ್ ಎಲ್ಲ ಗಾಡಿಗೂ ಬೀಗವಿರುವ ಮುಚ್ಚಳ ಹಾಕಿಸು ಎಂದ. ಟ್ಯಾಂಕಿನ ಮುಚ್ಚಳದಲ್ಲಿ ಏನಿದೆ ಮಹಾ ಅನಿಸಬಹುದು. ನಮ್ಮ ಹದಿನೆಂಟು ಗಾಡಿಗಳಿಗೆ ನಾಲ್ಕು ಬಗೆಯ ಬಾಯಿಗಳಿದ್ದವು. ಕೆಲವಕ್ಕೆ ತಿರುಪಿನ ಹಾಗೆ ಸುತ್ತಿ ಕೂರಿಸುವ ಮುಚ್ಚಳ, ಕೆಲವಕ್ಕೆ ಎರಡು ಕಿವಿ ಒಳಗಿಟ್ಟು ಕಾಲು ಸುತ್ತು ತಿರುಗಿಸುವ ಮುಚ್ಚಳ. ಅಂಗಡಿಗೆ ಹೋಗಿ ಎಂಬತ್ತು ಮಿಲಿಮೀಟರಿನದು ಕೊಡಿ ಅಂದರೆ ಅಂಗಡಿಯವನು ಒಳಗಾ ಹೊರಗಾ ಎಂದು ಕೇಳುತ್ತಾನೆ. ಬಾಯಿಯ ಒಳ ಅಳತೆಗೂ ಹೊರ ಅಳತೆಗೂ ಇರುವ ಆ ಎಂಟು ಹತ್ತು ಮಿಲಿಮೀಟರಿನಲ್ಲಿ ಎಷ್ಟೋ ಸ್ಟೋರುಗಳ ಮಾನ ಹೋಗಿದೆ. ನಾನು ಒಳಗೂ ಅಳೆದೆ, ಹೊರಗೂ ಅಳೆದೆ, ಕಿವಿ ಕೂರುವ ಸಂದಿನ ಆಳವನ್ನೂ ಅಳೆದೆ. ಹದಿನೆಂಟು ಮುಚ್ಚಳ ತಂದೆ, ಹದಿನೆಂಟೂ ಮೊದಲ ಸಲಕ್ಕೇ ಕೂತವು. ಒಂದನ್ನೂ ಹಿಂದಿರುಗಿಸಲಿಲ್ಲ. ಮೇಸ್ತ್ರಿ ಒಂದೊಂದನ್ನೂ ತಿರುಗಿಸಿ ನೋಡಿ, "ವಾಷರ್ ಚೆನ್ನಾಗಿದೆ ಕಣಮ್ಮ, ಗಾಳಿ ಕೂಡ ನುಸುಳಲ್ಲ," ಅಂದಿದ್ದ. ನಾನು ಹೌದು ಎಂದು ಬೀಗಿದ್ದೆ.

ಕೀಗಳು ಸ್ಟೋರಿನ ಗೋಡೆಯಲ್ಲಿ, ನಂಬರಿನ ಕೆಳಗೆ ಒಂದೊಂದು ಮೊಳೆಗೆ. ಡ್ರೈವರಿಗೆ ಕೀ ಕೊಡುವಂತಿಲ್ಲ ಎಂದು ಮ್ಯಾನೇಜರ್ ಹೇಳಿದ್ದ. ಟ್ಯಾಂಕು ದೊಡ್ಡದು, ಹೋಗಿ ಬರಲು ಸಾಕು, ದಾರಿಯಲ್ಲಿ ತೆಗೆಯುವ ಅಗತ್ಯವೇನು ಎಂಬುದು ಅವನ ವಾದ. ಡ್ರೈವರುಗಳಿಗೆ ಇದು ಮುಖಕ್ಕೆ ಹೊಡೆದ ಹಾಗಾಗಿತ್ತು.

"ಮನೇಲಿ ಹೆಂಡ್ತಿ ಬೀರು ಕೀ ಕೊಡಲ್ಲ, ಇಲ್ಲಿ ನೀವು ಟ್ಯಾಂಕಿನ ಕೀ ಕೊಡಲ್ಲ," ಎಂದಿದ್ದ ಮೀಸೆ. "ನಾನು ಎಲ್ಲಿಗೆ ಹೋಗ್ಲಿ ಹೇಳಿ ಸ್ಟೋರಮ್ಮ."

"ಗಾಡಿ ಓಡಿಸೋಕೆ ಹೋಗಿ ಅಣ್ಣ. ಅದರ ಕೀ ನಿಮ್ಮ ಹತ್ರ ಇದೆಯಲ್ಲ."

ಇರಲಿ. ಮ್ಯಾನೇಜರ್ ಯಾರ್ಡಿನಲ್ಲಿ ಎಲ್ಲರ ಮುಂದೆ ಹೇಳಿ ಹೋದ ಆ ಸಂಜೆ ಅಕ್ಕ ಮನೆಯಲ್ಲಿ ನಿಂತುಕೊಂಡೇ ಊಟ ಮಾಡಿದಳು. ಸಿಟ್ಟು ಬಂದಾಗ ಅವಳು ಕೂರುವುದಿಲ್ಲ. ನಮ್ಮದು ಒಂದು ಅಂಗಡಿಯ ಮೇಲಿನ ಎರಡು ಕೋಣೆ. ಅಮ್ಮ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಆಸ್ಪತ್ರೆಯ ಪರದೆಗಳಿಗೆ ಅಂಚು ಹೊಡೆಯುತ್ತಾಳೆ.

"ನಿಲ್ಲೋ ಮುಂಚೆ ಏನಾಗುತ್ತೆ, ಮೊದಲಿಂದ ಹೇಳು," ಅಂದೆ.

"ಎಷ್ಟು ಸಲ ಕಣೇ. ಎರಡು ಗಂಟೆ ಚೆನ್ನಾಗಿ ಹೋಗುತ್ತೆ. ಆಮೇಲೆ ಎಳೆತ ಕಮ್ಮಿ ಆಗುತ್ತೆ. ಕಾಲು ಪೂರ್ತಿ ಒತ್ತಿದರೂ ಮುಂದೆ ಹೋಗಲ್ಲ. ಗೇರ್ ಇಳಿಸಿದರೂ ಇಲ್ಲ. ಕುಂಟಿಕೊಂಡು ಏರಿನ ಹತ್ರ ಹೋಗಿ ನಿಂತುಬಿಡುತ್ತೆ. ಅರ್ಧ ಗಂಟೆ ಬಿಟ್ಟು ಹೊಡೆದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ."

"ಫಿಲ್ಟರ್ ಹೊಸದು. ನಾನೇ ಕೊಟ್ಟಿದ್ದು."

"ನೀನು ಕೊಟ್ಟಿದ್ದರಲ್ಲಿ ಏನಾದ್ರೂ ತಪ್ಪಿರುತ್ತಾ ಮಾರಾಯ್ತಿ. ನಿನ್ನ ಯಾರು ಏನಂದ್ರು ಈಗ."

"ಶಬ್ದ ಏನಾದ್ರೂ?"

ಅವಳು ತಟ್ಟೆ ಕೆಳಗಿಟ್ಟಳು. "ನಿಲ್ಲೋಕೆ ಸ್ವಲ್ಪ ಮುಂಚೆ ಹಿಂದೆ ಎಲ್ಲೋ ಠಣ್ ಅನ್ನುತ್ತೆ. ಖಾಲಿ ಡಬ್ಬಾನ ಯಾರೋ ಹೆಬ್ಬೆರಳಲ್ಲಿ ಒತ್ತಿದ ಹಾಗೆ. ಮೇಸ್ತ್ರಿಗೆ ಹೇಳಿದೆ. ಲೋಡು ಅಲ್ಲಾಡಿರುತ್ತೆ ಅಂದ."

"ಗಾಡಿ ಪುರಾಣ ಸಾಕು, ತಟ್ಟೆ ತೊಳೀರಿ," ಅಮ್ಮ ಯಂತ್ರ ನಿಲ್ಲಿಸದೆ ಹೇಳಿದಳು.

"ನಾನು ಓಡಿಸೋದ್ರಲ್ಲಿ ತಪ್ಪಿಲ್ಲ," ಅಕ್ಕ ನಲ್ಲಿ ತಿರುಗಿಸುತ್ತ ಅಂದಳು. "ನನ್ನ ಕೈ ನನಗೆ ಗೊತ್ತು. ಅದನ್ನ ಆ ಮನುಷ್ಯನಿಗೆ ತೋರಿಸೋದು ಹೇಗೆ, ಅದೊಂದು ಗೊತ್ತಾಗ್ತಿಲ್ಲ."

ಮರುದಿನ ಮೇಸ್ತ್ರಿ ಮತ್ತೊಮ್ಮೆ ಗಾಡಿ ಓಡಿಸಿ ನೋಡಿದ. ಟ್ಯಾಂಕಿನಲ್ಲಿ ಎಷ್ಟಿದೆ ನೋಡಲು ನನ್ನಿಂದ ಕೀ ಒಯ್ದು ಮುಚ್ಚಳ ತೆಗೆದ, ಕಾಲು ಭಾಗ ಇದೆ ಸಾಕು ಅಂದ, ಮುಚ್ಚಿದ, ಇಪ್ಪತ್ತು ಕಿಲೋಮೀಟರ್ ಹೋಗಿ ಬಂದ. "ಬೆಣ್ಣೆ ಥರ ಓಡ್ತು," ಅಂದ. ಅವನು ಸುಳ್ಳು ಹೇಳುವವನಲ್ಲ. ಓಡಿರುತ್ತದೆ.

ಅದಾದ ಮೇಲೆ ಅಕ್ಕ ಲೋಡು ಹೊತ್ತು, ಟ್ಯಾಂಕು ತುಂಬಿಸಿಕೊಂಡು ಹೊರಟಳು. ಗಾಡಿ ಅದೇ ಜಾಗದಲ್ಲಿ ಮೂರನೇ ಸಲ ನಿಂತಿತು.

ಅವಳು ಗೋದಾಮಿನಲ್ಲಿ ಇಳಿಸಿ, ಮರುದಿನ ಮಧ್ಯಾಹ್ನ ಖಾಲಿ ಗಾಡಿ ತಂದು ಯಾರ್ಡಿನಲ್ಲಿ ನಿಲ್ಲಿಸುವಷ್ಟರಲ್ಲಿ ಡ್ಯೂಟಿ ಬೋರ್ಡಿನ ಮೇಲೆ ಹನ್ನೊಂದರ ಮುಂದೆ ಮೀಸೆ ಎಂದು ಬರೆದಾಗಿತ್ತು. ನಾಳೆ ಬೆಳಿಗ್ಗೆ ಏಳಕ್ಕೆ ಅವನು ಹೊರಡಬೇಕು. ಅಕ್ಕ ಬೋರ್ಡು ಓದಿದಳು, ಗಾಡಿಯ ಕೀ ಮೇಜಿನ ಮೇಲಿಟ್ಟಳು, ನನ್ನ ಕಡೆ ನೋಡದೆ ಮನೆಗೆ ನಡೆದಳು.

ಸಾಮಾನ್ಯವಾಗಿ ಹಿಂದಿನ ದಿನ ಬಂದ ಗಾಡಿಗೆ ಮರುದಿನ ಬೆಳಿಗ್ಗೆ ಡೀಸೆಲ್ ಹಾಕುತ್ತಾರೆ. ಅವತ್ತು ಮೀಸೆಗೆ ಬೇಗ ಹೊರಡಬೇಕು ಅಂತ ಮ್ಯಾನೇಜರ್ ಗಾಡಿಯನ್ನು ನೇರ ಯಾರ್ಡಿನ ಡೀಸೆಲ್ ಪಂಪಿಗೆ ಹಾಕಿಸಿದ. ಪಂಪಿನವನು ಊಟದ ಬುತ್ತಿ ಬಿಚ್ಚಿ ಕೂತಿದ್ದ. ಅವನ ಕೈ ಎಂಜಲು ಅಂತ ನಾನೇ ಕೀ ತೆಗೆದುಕೊಂಡು ಹೋದೆ. ಊಟದ ಹೊತ್ತಾದ್ದರಿಂದ ಕಂಪ್ರೆಸರ್ ಆಫ್ ಆಗಿತ್ತು. ಯಾರ್ಡು ಅಷ್ಟು ಸುಮ್ಮನಿರುವುದು ದಿನಕ್ಕೆ ಆ ಒಂದು ಗಂಟೆ ಮಾತ್ರ.

ಬೀಗ ತಿರುಗಿತು. ಮುಚ್ಚಳ ತಿರುಗಲಿಲ್ಲ. ಒಳಗಿನಿಂದ ಯಾರೋ ಬಿಗಿಯಾಗಿ ಹಿಡಿದುಕೊಂಡ ಹಾಗಿತ್ತು. ಎರಡೂ ಕೈ ಹಾಕಿ ತಿರುವಿದೆ. ಮುಚ್ಚಳ ಸಡಿಲಾದ ಕೂಡಲೇ ಟ್ಯಾಂಕು ಉದ್ದಕ್ಕೆ ಗಾಳಿ ಎಳೆದುಕೊಂಡಿತು. ಆ ಸದ್ದು ನಿಲ್ಲುವ ಹೊತ್ತಿಗೆ ಟ್ಯಾಂಕಿನ ಪಕ್ಕೆಯ ತಗಡು ಹೊರಗೆ ಉಬ್ಬಿತು. ಠಣ್.

"ಇದು ಯಾವಾಗಿಂದ ಹೀಗೆ?" ಅಂತ ಪಂಪಿನವನನ್ನು ಕೇಳಿದೆ.

"ಅದಾ? ಬಂದ ದಿನವೇ ತೆಗೆದರೆ ಸ್ವಲ್ಪ ಉಸಿರು ಎಳೆಯುತ್ತೆ. ಒಂದು ರಾತ್ರಿ ನಿಂತರೆ ಇರಲ್ಲ. ಅಷ್ಟು ದೂರ ಹೋಗಿ ಬಂದಿರುತ್ತೆ, ಸುಸ್ತಾಗಲ್ವಾ."

"ಮೇಸ್ತ್ರಿಗೆ ಹೇಳಿದ್ರಾ ಅಣ್ಣ?"

"ಅವನು ಕೇಳಿದ್ನಾ?"

ನಾನು ಪಕ್ಕದಲ್ಲಿದ್ದ ಹನ್ನೆರಡನೇ ಗಾಡಿಯ ಹತ್ತಿರ ಹೋಗಿ ಟ್ಯಾಂಕಿನ ಮೇಲೆ ಕೈ ಆಡಿಸಿದೆ. ಹಿಂಬದಿಯಲ್ಲಿ ಬೆರಳು ಗಾತ್ರದ ಒಂದು ಪೈಪು, ತುದಿಯಲ್ಲಿ ಸಣ್ಣ ಟೋಪಿ. ಹತ್ತನೇ ಗಾಡಿಗೂ ಇತ್ತು. ಒಂಬತ್ತಕ್ಕೂ ಇತ್ತು. ಹನ್ನೊಂದಕ್ಕೆ ಬಂದು ಕೈ ಹಾಕಿದೆ. ಟ್ಯಾಂಕಿನ ಮೇಲ್ಭಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ನುಣ್ಣಗಿತ್ತು, ಧೂಳು ಬಿಟ್ಟರೆ ಏನೂ ಇರಲಿಲ್ಲ. ಬಣ್ಣ ಕೆರೆದು ನೋಡಿದೆ. ಕೆಳಗೆ ಬೇರೆ ಬಣ್ಣ. ಯಾವ ಕಾಲದಲ್ಲೋ ಟ್ಯಾಂಕು ಜಜ್ಜಿಹೋಗಿ, ಬೇರೆ ಕಂಪನಿಯ ಗಾಡಿಯದನ್ನು ತಂದು ಕೂರಿಸಿದ್ದಾರೆ.

ವಿಷಯ ಸರಳ. ಡೀಸೆಲ್ ಖರ್ಚಾದಷ್ಟು ಜಾಗಕ್ಕೆ ಗಾಳಿ ಬರಬೇಕು. ಉಳಿದ ಗಾಡಿಗಳಿಗೆ ಅದು ಈ ಪೈಪಿನಿಂದ ಬರುತ್ತದೆ. ಹನ್ನೊಂದಕ್ಕೆ ಬರುತ್ತಿದ್ದುದು ಹಳೆಯ ಮುಚ್ಚಳದಲ್ಲಿದ್ದ ತೂತಿನಿಂದ. ನಾನು ಆ ಮುಚ್ಚಳ ಬಿಚ್ಚಿ ಗುಜರಿಗೆ ಹಾಕಿ, ಗಾಳಿ ನುಸುಳದ ಮುಚ್ಚಳ ಕೂರಿಸಿ, ಬೀಗ ಹಾಕಿ, ಕೀಯನ್ನು ಮೊಳೆಗೆ ನೇತುಹಾಕಿದ್ದೆ. ಟ್ಯಾಂಕು ಕಂಠದವರೆಗೆ ತುಂಬಿದ್ದರೆ ಒಳಗೆ ಗಾಳಿಯೇ ಇರುವುದಿಲ್ಲ; ಎರಡು ಗಂಟೆ ಡೀಸೆಲ್ ಎಳೆದ ಮೇಲೆ ಇಂಜಿನ್ನಿನ ಪಂಪಿಗೆ ಇನ್ನು ಎಳೆಯಲಾಗುವುದಿಲ್ಲ. ಗಾಡಿ ನಿಂತ ಮೇಲೆ ಎಲ್ಲೆಲ್ಲಿಂದಲೋ ಸ್ವಲ್ಪ ಸ್ವಲ್ಪ ಗಾಳಿ ಒಳಗೆ ಸೇರಿ, ಅರ್ಧ ಗಂಟೆಗೆ ಮತ್ತೆ ಸ್ಟಾರ್ಟ್ ಆಗುತ್ತದೆ. ಟ್ಯಾಂಕನ್ನು ಅಷ್ಟು ತುಂಬಿಸದ ಟ್ರಿಪ್ಪುಗಳಲ್ಲಿ ಗಾಡಿ ನಿಂತಿರಲಿಲ್ಲ. ಬರುವಾಗ ಟ್ಯಾಂಕು ಅರ್ಧ ಖಾಲಿ, ಲೋಡೂ ಇಲ್ಲ. ಮೇಸ್ತ್ರಿ ನೋಡುವಾಗ ಮುಕ್ಕಾಲು ಖಾಲಿ, ಅದೂ ಆಗಷ್ಟೇ ಮುಚ್ಚಳ ತೆಗೆದು ಹಾಕಿದ್ದು. ಅವನು ಆ ಟ್ಯಾಂಕಿಗೆ ಗಾಳಿ ತುಂಬಿಸಿಯೇ ಪರೀಕ್ಷೆಗೆ ಹೊರಡುತ್ತಿದ್ದ.

ಬಾಯಿಯನ್ನು ಮೂರು ಕಡೆ ಅಳೆದವಳು ನಾನು. ಟ್ಯಾಂಕಿನ ಮೇಲೆ ಒಂದು ಸಲವೂ ಕೈ ಆಡಿಸಿರಲಿಲ್ಲ.

ಯಾರಿಗೂ ಹೇಳದೆ ಮುಚ್ಚಳ ಬದಲಾಯಿಸಿಬಿಡಬಹುದಿತ್ತು. ಆಗ ನಾಳೆ ಮೀಸೆ ಏರು ಹತ್ತಿಬಿಡುತ್ತಾನೆ, ಅಕ್ಕನ ಕಥೆ ಅಲ್ಲಿಗೆ ಮುಗಿಯುತ್ತದೆ. ಇದರಲ್ಲಿ ಯೋಚಿಸುವುದಕ್ಕೇನೂ ಇರಲಿಲ್ಲ. ಕೈ ಒರೆಸಿಕೊಂಡು ಆಫೀಸಿಗೆ ಹೋದೆ. ಮೇಸ್ತ್ರಿಯೂ ಅಲ್ಲೇ ಇದ್ದ. ಇಬ್ಬರಿಗೂ ಹೇಳಿದೆ.

ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. "ಅಕ್ಕನಿಗೋಸ್ಕರ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೊಂಡೆ. ಒಳ್ಳೆ ತಂಗಿ. ಆದರೆ ನಾನು ಇಲ್ಲಿ ಲಾರಿ ನಡೆಸ್ತಿದ್ದೀನಮ್ಮ, ಸಂಸಾರ ಅಲ್ಲ."

"ಮುಚ್ಚಳ ಇಂಜಿನ್ ನಿಲ್ಲಿಸುತ್ತಾ?" ಮೇಸ್ತ್ರಿ ಅಂದ. "ಇಪ್ಪತ್ತೆಂಟು ವರ್ಷ ಆಯ್ತು ಕಣಮ್ಮ ನಾನು ಈ ಕೆಲಸಕ್ಕೆ ಬಂದು."

"ಇಪ್ಪತ್ತೆಂಟು ವರ್ಷದಲ್ಲಿ ಬೀಗದ ಮುಚ್ಚಳ ಬಂದಿದ್ದು ಈಗ. ಮುಂಚೆ ಆಗಿದ್ದರೆ ಡ್ರೈವರೇ ಇಳಿದು ಮುಚ್ಚಳ ತೆಗೆದು ನೋಡಿರ್ತಿದ್ದ, ಅಲ್ಲಿಗೆ ಸರಿ ಹೋಗಿರ್ತಿತ್ತು. ನಿಮ್ಮ ತನಕ ಬರ್ತಿರಲಿಲ್ಲ."

ಮೇಸ್ತ್ರಿ ತಲೆ ಕೆರೆದುಕೊಂಡ. ಒಪ್ಪಿದ ಅಂತಲ್ಲ, ಯೋಚಿಸುತ್ತಿದ್ದ.

"ನನ್ನ ಮಾತು ನಂಬಬೇಡಿ ಸಾರ್," ಅಂದೆ. "ನಾಳೆ ಮೀಸೆಯಣ್ಣನೇ ಹೋಗಲಿ. ಮುಚ್ಚಳ ಇದೇ ಇರಲಿ. ಟ್ಯಾಂಕು ಕಂಠದವರೆಗೆ ತುಂಬಿಸಿ. ಪಕ್ಕದಲ್ಲಿ ಮೇಸ್ತ್ರಿ ಕೂರಲಿ, ಟ್ಯಾಂಕಿನ ಕೀ ಅವರ ಜೇಬಲ್ಲಿರಲಿ. ಗಾಡಿ ಏರಿನ ಹತ್ರ ನಿಲ್ಲುತ್ತೆ. ನಿಂತ ಮೇಲೆ ಮುಚ್ಚಳ ಮಾತ್ರ ತೆಗೀಬೇಕು, ಬೇರೆ ಏನನ್ನೂ ಮುಟ್ಟಬಾರದು. ತಕ್ಷಣ ಸ್ಟಾರ್ಟ್ ಆಗುತ್ತೆ."

"ನಿಲ್ಲದೇ ಹೋದ್ರೆ?"

"ಸ್ಟೋರಿಗೆ ಬೇರೆಯವರನ್ನ ನೋಡ್ಕೊಳ್ಳಿ."

"ನಿಂತರೆ?"

"ಲಾಂಗ್ ರೂಟು ಅಕ್ಕನದು. ನೋಡೋಣ ಗೀಡೋಣ ಇಲ್ಲ. ಖಾಯಂ."

ಅವನು ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ, "ಹೋಗಿ ಬರ್ತೀನಿ, ಅದರಲ್ಲೇನು," ಅಂದ. ಹೇಗಿದ್ದರೂ ಗಾಡಿ ಹೋಗಬೇಕಾದ ದಾರಿಯೇ. ಮ್ಯಾನೇಜರ್ ಹೂಂ ಅಂದ.

ಸಂಜೆ ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವನು ಅದೇ ಅಳತೆಯ ಮೂರು ಮುಚ್ಚಳ ಮುಂದಿಟ್ಟ. ಮೊದಲನೆಯದನ್ನು ತುಟಿಗೆ ಒತ್ತಿ ಊದಿದೆ, ಆಮೇಲೆ ಹೀರಿದೆ. ಎರಡು ಕಡೆಗೂ ಗಾಳಿ ಹೋಗುತ್ತಿತ್ತು. ಬರಿ ತೂತು, ಗಾಡಿ ಕುಲುಕಿದರೆ ಡೀಸೆಲ್ ಹೊರಗೆ ಚೆಲ್ಲುತ್ತದೆ. ಎರಡನೆಯದು ಯಾವ ಕಡೆಗೂ ಬಿಡಲಿಲ್ಲ. ಮೂರನೆಯದರಲ್ಲಿ ಹೊರಗಿನಿಂದ ಊದಿದರೆ ಗಾಳಿ ಒಳಗೆ ಹೋಯಿತು, ಒಳಗಿನಿಂದ ಊದಿದರೆ ಸಣ್ಣ ರಬ್ಬರಿನ ನಾಲಗೆ ಮುಚ್ಚಿಕೊಂಡಿತು. ಅದಕ್ಕೆ ಬೀಗವೂ ಇತ್ತು.

"ಪೀಪಿ ಕೊಳ್ಳೋಕೆ ಬಂದ್ರಾ ಮುಚ್ಚಳ ಕೊಳ್ಳೋಕೆ ಬಂದ್ರಾ?" ಅಂಗಡಿಯವನು ಕೇಳಿದ.

"ಊದದೆ ಕೊಂಡಿದ್ದಕ್ಕೇ ಇಷ್ಟೆಲ್ಲ ಆಗಿದ್ದು," ಅಂದು ಮೂರನೆಯದನ್ನು ಚೀಲಕ್ಕೆ ಹಾಕಿಕೊಂಡೆ. ಬಾಯಲ್ಲಿ ರಬ್ಬರಿನ ರುಚಿ ಮನೆ ಸೇರುವವರೆಗೂ ಇತ್ತು.

ಅಕ್ಕನಿಗೆ ಹೇಳುವುದು ಮ್ಯಾನೇಜರಿಗೆ ಹೇಳಿದ್ದಕ್ಕಿಂತ ಕಷ್ಟವಾಯಿತು. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ನೀನು ಮಾಡಿದ್ದು."

"ಹೂಂ."

"ಎರಡು ತಿಂಗಳು ಇಡೀ ಊರು ನನ್ನ ನೋಡಿ ಕಿಸಿಕಿಸಿ ನಕ್ಕಿದ್ದು ನಿನ್ನ ಮುಚ್ಚಳದಿಂದ."

"ಹೌದು ಅಂದೆನಲ್ಲ ಅಕ್ಕ."

"ಈಗ ನನ್ನ ಗಾಡೀನ ಆ ಮೀಸೆ ಕೈಗೆ ಕೊಟ್ಟು ಬಂದಿದ್ದೀಯ."

"ಒಂದು ದಿನ. ನೀನು ಓಡಿಸಿ ನಿಂತರೆ ಅದು ನಾಲ್ಕನೇ ಸಲ ಅಷ್ಟೆ. ಅವನು ಓಡಿಸಿ ನಿಂತರೆ ಮಾತ್ರ ಅವರಿಗೆ ಕಣ್ಣು ಕಾಣೋದು."

ಅದು ಅವಳಿಗೂ ಗೊತ್ತಿತ್ತು. ಸುಮ್ಮನಿರಲು ಮಾತ್ರ ಆಗಲಿಲ್ಲ. "ಸೀಟು ಹಿಂದಕ್ಕೆ ತಳ್ಳಿಬಿಡ್ತಾನೆ ಕತ್ತೆ. ಕನ್ನಡಿ ಬೇರೆ ತಿರುಗಿಸ್ತಾನೆ. ಎಲ್ಲಾ ಮತ್ತೆ ಸರಿ ಮಾಡ್ಕೋಬೇಕು," ಅಂದಳು. ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದಿದಳು. ಜೋರಾಗಿಯೇ.

"ಇನ್ನೊಂದು ಹಾಕು," ಅಮ್ಮ ಯಂತ್ರದ ಹಿಂದಿನಿಂದ ಹೇಳಿದಳು.

ಬೆಳಿಗ್ಗೆ ಏಳಕ್ಕೆ ಹನ್ನೊಂದು ಹೊರಟಿತು. ಮೀಸೆ ಗೇಟಿನಲ್ಲಿ ಎರಡು ಸಲ ಹಾರ್ನ್ ಹೊಡೆದ. ಅಕ್ಕ ಹಳೆಯ ಟಯರಿನ ಮೇಲೆ ಕೂತಳು. ನಾನು ಸ್ಟೋರಿನಲ್ಲಿ ಬೆಲ್ಟುಗಳನ್ನು ಜೋಡಿಸಿದೆ, ಜೋಡಿಸಿದ್ದನ್ನು ಮತ್ತೆ ಜೋಡಿಸಿದೆ. ನನ್ನ ಲೆಕ್ಕದಲ್ಲಿ ಒಂಬತ್ತೂಕಾಲಕ್ಕೆ ಫೋನ್ ಬರಬೇಕು. ಒಂಬತ್ತೂವರೆ ಆಯಿತು. ಮ್ಯಾನೇಜರ್ ಫೋನನ್ನು ಅಂಗೈಯಲ್ಲಿಟ್ಟುಕೊಂಡು ಸ್ಟೋರಿನ ಬಾಗಿಲಿಗೆ ಬಂದ.

"ಇಷ್ಟೊತ್ತಿಗೆ ಏರು ಹತ್ತಿರ್ತಾನೆ."

"ಹತ್ತಿರಲ್ಲ," ಅಂದೆ.

ಅವನು ಹೋದ ಮೇಲೆ ಪಂಪಿನವನ ಹತ್ತಿರ ಓಡಿದೆ. "ಅಣ್ಣ, ಕಂಠದವರೆಗೆ ತುಂಬಿಸಿದ್ರಿ ತಾನೆ?"

"ಹೆಚ್ಚುಕಮ್ಮಿ. ನೊರೆ ಬಂತು, ನಾಲ್ಕು ಬೆರಳು ಬಿಟ್ಟು ನಿಲ್ಲಿಸಿದೆ."

ನಾಲ್ಕು ಬೆರಳು. ಅಷ್ಟು ಉದ್ದದ ಟ್ಯಾಂಕಿನಲ್ಲಿ ಅದು ಒಳ್ಳೆಯ ಗಾಳಿ. ವಾಪಸ್ಸು ಆಫೀಸಿಗೆ ಹೋಗಿ, "ಸಾರ್, ಏರಿನ ಬುಡದಲ್ಲಲ್ಲ. ಅರ್ಧ ಏರು ಹತ್ತಿದ ಮೇಲೆ ನಿಲ್ಲುತ್ತೆ. ಹತ್ತು ಗಂಟೆ ಆಸುಪಾಸು," ಅಂದೆ.

"ಮೊದಲು ಬುಡ ಅಂದೆ, ಈಗ ಮಧ್ಯ. ಆಮೇಲೆ ಬಂದರು ಅಂತೀಯ."

ಹಿಂದೆ ಬಂದು ನಿಂತಿದ್ದ ಅಕ್ಕ, "ಹತ್ತು ಅಂದಳಲ್ಲ ಸಾರ್, ಹತ್ತು ಆಗಲಿ," ಅಂದಳು. ಗುದ್ದಿದವಳು ಅವಳೇ, ಆದರೂ ಬೇರೆಯವರು ನನ್ನ ಲೆಕ್ಕವನ್ನು ಆಡಿಕೊಂಡರೆ ಅವಳಿಗೆ ಆಗುವುದಿಲ್ಲ.

ಹತ್ತಕ್ಕೆ ಆರು ನಿಮಿಷ ಇರುವಾಗ ಫೋನ್ ಬಂತು. ಮ್ಯಾನೇಜರ್ ಅದನ್ನು ಮೇಜಿನ ಮೇಲಿಟ್ಟು ಜೋರು ಮಾಡಿದ. ಮೊದಲು ಕೇಳಿದ್ದು ಮೀಸೆಯ ದನಿ, ದೂರದಿಂದ. "ದರಿದ್ರ ಗಾಡಿ ಸಾರ್ ಇದು. ಎಳೆಯೋದೇ ಇಲ್ಲ. ನಾನು ಅವತ್ತೇ ಅಂದ್ಕೊಂಡೆ, ಈ ಗಾಡೀಲೇ ಏನೋ ದೋಷ ಇದೆ ಅಂತ."

"ನಾನು ನಿಂತರೆ ಡ್ರೈವರ್ ದೋಷ," ಅಕ್ಕ ಅಂದಳು. "ಇವನು ನಿಂತರೆ ಗಾಡಿ ದೋಷ." ಅವಳು ಯಾರಿಗೂ ಹೇಳಿದ್ದಲ್ಲ, ಆದರೆ ಮ್ಯಾನೇಜರ್ ಮೇಜಿನ ಅಂಚು ನೋಡಿದ.

ಆಮೇಲೆ ಮೇಸ್ತ್ರಿಯ ದನಿ. "ಮೂರು ಸಲ ಸ್ಟಾರ್ಟ್ ಹೊಡೆದ್ವಿ. ಇಲ್ಲ. ಈಗ ಮುಚ್ಚಳ ತೆಗೀತೀನಿ, ಕೇಳ್ತಿರಿ." ಲಾರಿಗಳು ಹಾದುಹೋಗುವ ಸದ್ದು. ಮೇಸ್ತ್ರಿ ತಿಣುಕಿದ ಸದ್ದು. ಅನಂತರ, ಫೋನಿನಲ್ಲೂ ಸ್ಪಷ್ಟವಾಗಿ, ಆ ಉದ್ದದ ಉಸಿರು. ಒಂದು ನಿಮಿಷದಲ್ಲಿ ಇಂಜಿನ್ ಗುಡುಗಿತು.

"ಸ್ಟೋರಮ್ಮ ಅಲ್ಲಿದ್ದಾಳಾ?" ಮೇಸ್ತ್ರಿ ಕೇಳಿದ. "ಸರಿಯಾಗಿ ಹೇಳಿದಳು. ಅವಳಕ್ಕನಿಗೂ ಹೇಳಿ, ಠಣ್ ಅಂದಿದ್ದು ಲೋಡಲ್ಲ, ಟ್ಯಾಂಕು. ನಾನು ಕೇಳಬೇಕಿತ್ತು."

ಆದರೆ ಗಾಡಿ ಅರ್ಧ ಏರಿನಲ್ಲಿತ್ತು, ಹಾಕಿದರೆ ಮತ್ತೆ ಅದೇ ಮುಚ್ಚಳ. ಮೇಸ್ತ್ರಿ ಗಂಟೆಗೊಮ್ಮೆ ತೆಗೆದು ಹಾಕುತ್ತ ಹೋಗೋಣ ಎಂದ. ಮೀಸೆ ಒಪ್ಪಲಿಲ್ಲ. ಲೋಡಿರುವ ಗಾಡಿಯನ್ನು ಏರಿನಲ್ಲಿ ಮತ್ತೆ ಮತ್ತೆ ನಿಲ್ಲಿಸಿ ಎಬ್ಬಿಸುವುದು ನನ್ನ ಕೈಲಾಗದು, ಬೇರೆ ಯಾರನ್ನಾದರೂ ಕಳಿಸಿ ಎಂದ.

"ಬೇರೆ ಯಾರನ್ನ ಕಳಿಸಲಿ?" ಮ್ಯಾನೇಜರ್ ನಮ್ಮಿಬ್ಬರನ್ನೂ ನೋಡದೆ ಕೇಳಿದ.

"ವ್ಯಾನಿನ ಕೀ ಕೊಡಿ ಸಾರ್," ಅಂದಳು ಅಕ್ಕ.

ನಾವು ಅಲ್ಲಿ ಮುಟ್ಟಿದಾಗ ಹನ್ನೆರಡೂವರೆ. ಬಿಸಿಲು ನೆತ್ತಿಯ ಮೇಲಿತ್ತು. ಮೀಸೆ ಗಾಡಿಯ ನೆರಳಿನಲ್ಲಿ ಫ್ಲಾಸ್ಕು ತಬ್ಬಿಕೊಂಡು ಕೂತಿದ್ದ. ನಾನು ಟ್ಯಾಂಕಿನ ಬಾಯಿಯ ಸುತ್ತ ಬಟ್ಟೆಯಿಂದ ಒರೆಸಿದೆ, ಸಂದಿನಲ್ಲಿದ್ದ ಮಣ್ಣು ತೆಗೆದೆ, ಹೊಸ ಮುಚ್ಚಳದ ವಾಷರ್ ಮಡಚಿಕೊಂಡಿಲ್ಲ ಎಂದು ನೋಡಿ, ಕಿವಿಗಳನ್ನು ಸಂದಿಗಿಟ್ಟು ಕಾಲು ಸುತ್ತು ತಿರುಗಿಸಿದೆ. ಕೂತಿತು. ಮೇಸ್ತ್ರಿ ಪಕ್ಕದಲ್ಲೇ ನಿಂತು ನೋಡಿದ. ಅವನು ತಾನೇ ಒಮ್ಮೆ ಬಿಚ್ಚಿ, ಊದಿ, ಮತ್ತೆ ಹಾಕಿದ. ನಾನು ಬೇಡ ಅನ್ನಲಿಲ್ಲ.

"ಈ ಗಾಡಿ ಸೀಟೂ ಸರಿ ಇಲ್ಲ," ಮೀಸೆ ಎದ್ದು ಸೊಂಟ ಹಿಡಿದುಕೊಂಡು ಅಂದ.

"ನನಗೆ ಸರಿ ಇದೆ," ಅಕ್ಕ ಹತ್ತಿ ಸೀಟು ಮುಂದಕ್ಕೆ ಎಳೆದುಕೊಂಡಳು. ಕನ್ನಡಿಗಳನ್ನು ಒಂದೊಂದಾಗಿ ತಿರುಗಿಸಿದಳು.

"ನಾನು ಜೊತೆಗೆ ಬರ್ಲಾ?" ಮೇಸ್ತ್ರಿ ಕೇಳಿದ. ಸಹಾಯಕ್ಕೆಂದೇ ಕೇಳಿದ್ದು.

"ಬೇಡಣ್ಣ. ನೀವು ಬಂದ್ರೆ ನಾಳೆ ನೀವೇ ಓಡಿಸಿದ್ದು ಅಂತಾರೆ."

ಲೋಡಿರುವ ಗಾಡಿಯನ್ನು ಏರಿನ ಮಧ್ಯದಿಂದ ಎಬ್ಬಿಸುವುದು ಸುಲಭವಲ್ಲ. ಸ್ವಲ್ಪ ಹೆಚ್ಚುಕಮ್ಮಿಯಾದರೆ ಹಿಂದಕ್ಕೆ ಜಾರುತ್ತದೆ, ಇಲ್ಲ ಆಫ್ ಆಗುತ್ತದೆ. ಮೀಸೆ ನೋಡಲೆಂದೇ ರಸ್ತೆಯ ಬದಿಗೆ ಬಂದು ನಿಂತ. ಅಕ್ಕ ಬ್ರೇಕು ಬಿಟ್ಟಳು. ಗಾಡಿ ಒಂದು ಗೇಣೂ ಹಿಂದೆ ಬರಲಿಲ್ಲ. ಮೊದಲನೇ ಗೇರಿನಲ್ಲಿ ಇಂಜಿನ್ ದನಿ ದಪ್ಪವಾಯಿತು, ಚಕ್ರಗಳು ಉರುಳಿದವು, ತಿರುವಿನ ಹತ್ತಿರ ಎರಡನೇ ಗೇರು ಬಿದ್ದದ್ದು ಕೇಳಿಸಿತು. ಮೀಸೆ ವ್ಯಾನಿನ ಹಿಂದಿನ ಸೀಟಿಗೆ ಹತ್ತಿ ಮಲಗಿದ.

ಮ್ಯಾನೇಜರ್ ಮಾತಿಗೆ ತಪ್ಪಲಿಲ್ಲ. ನನ್ನನ್ನು ಬಿಡಲೂ ಇಲ್ಲ. ಇನ್ನು ಮೇಲೆ ಸ್ಟೋರು ತರಿಸುವ ಪ್ರತಿ ಸಾಮಾನಿಗೂ ಮೇಸ್ತ್ರಿಯ ರುಜು ಬೇಕು ಎಂದ. ಅದು ನನಗೆ ಚುಚ್ಚಿತು, ಆದರೆ ನ್ಯಾಯವಾಗಿಯೇ ಇತ್ತು. ಎರಡು ತಿಂಗಳು ಅಕ್ಕನ ಮೇಲೆ ಹೊರಿಸಿದ್ದಕ್ಕೆ ಹೋಲಿಸಿದರೆ ಇದು ಭಾರವೇ ಅಲ್ಲ. ರುಜು ಹಾಕಿಸಿಕೊಳ್ಳುತ್ತೇನೆ, ಅವನು ನೋಡದೆ ಹಾಕಿದರೆ ಹಾಕಿಸಿಕೊಳ್ಳುವುದಿಲ್ಲ.

ಸಂಜೆ ನಾಲ್ಕೂವರೆಗೆ ಅಕ್ಕನ ಫೋನ್ ಬಂದಾಗ ನಾನು ಹದಿನಾಲ್ಕನೇ ಗಾಡಿಯ ಟ್ಯಾಂಕಿನ ಮೇಲೆ ಕೈ ಆಡಿಸುತ್ತಿದ್ದೆ. ಇನ್ನೂ ನಾಲ್ಕು ಗಾಡಿ ಬಾಕಿ ಇದ್ದವು.

"ತಲುಪಿದೆ," ಅಂದಳು.

"ಎಳೆತ?"

"ಎಳೀತು. ಇಳಿಸೋಕೆ ನನ್ನ ಮುಂದೆ ಆರು ಗಾಡಿ ಇವೆ. ಇಲ್ಲಿ ಒಬ್ಬ ಬಂದು ನಿಮ್ಮ ಡ್ರೈವರ್ ಎಲ್ಲಿ ಅಂತ ಕೇಳಿದ. ಗಾಡಿ ಸುತ್ತ ಮೂರು ಸಲ ತಿರುಗಿಸಿ ಹುಡುಕಿಸಿದೆ. ನಾನು ಈಗ ಮಲಗ್ತೀನಿ, ನನ್ನ ಸರದಿ ಬರೋವರೆಗೆ ಫೋನ್ ಮಾಡಬೇಡ."

"ಸರಿ."

"ಆಮೇಲೆ ಆ ಬೋರ್ಡು ಬರೆಯೋನಿಗೆ ಹೇಳು, ಗುರುವಾರದ ಲೋಡೂ ನಂದೇ ಅಂತ ಬರ್ಕೊಳ್ಳಲಿ," ಅಂದು ಫೋನ್ ಇಟ್ಟಳು.